ಗಿರಾಕಿಗೆ ಬೆನ್ನು, ದೇವಿಗೆ ಮುಖ

‘ದೋಸೆ ಗಾಡಿಗೆ ಪರ್ಮಿಟ್ಟಾ? ಹೋಬೇ ನಾ!’

ಹೀಗೆಂದವನು ನಮ್ಮ ಬೀದಿಯ ಪೂಜಾ ಕ್ಲಬ್ಬಿನ ಸೆಕ್ರೆಟರಿ ಬಾಪಿದಾ. ಆಗುವುದೇ ಇಲ್ಲ ಎಂದರ್ಥ. ಕೋಲ್ಕತ್ತಾದಲ್ಲಿ ಎಲ್ಲರೂ ಮೊದಲು ಕಲಿಯುವ ಬಂಗಾಳಿ ಇದೇ.

ನನ್ನ ಅಪ್ಪ ನಿಮಗೆ ಗೊತ್ತಲ್ಲ. ಉಡುಪಿ ಕಡೆಯವರು. ವರ್ಷವಿಡೀ ಗರಿಯಾಹಾಟ್‌ನಲ್ಲಿ ದೋಸೆ ಹೊಯ್ಯುತ್ತಾರೆ. ದುರ್ಗಾಪೂಜೆಗೆ ಮಾತ್ರ ಗಾಡಿಯನ್ನು ಲೇಕ್ ಗಾರ್ಡನ್ಸ್‌ನ ನಮ್ಮ ಪೆಂಡಾಲಿನ ಪಕ್ಕಕ್ಕೆ ತಳ್ಳಿಕೊಂಡು ಬರುತ್ತಾರೆ. ಮಳೆಗಾಲದ ನಷ್ಟವನ್ನೆಲ್ಲ ತುಂಬಿಕೊಳ್ಳುವುದು ಆಗಲೇ. ನನ್ನ ಕಾಲೇಜಿನ ಫೀಸೂ ಅದರಿಂದಲೇ ಬಂದದ್ದು. (ನಮ್ಮ ಮನೆತನದ ಮೊದಲ ಬಿ.ಕಾಂ. ನಾನು. ಎಷ್ಟು ಸಲ ಹೇಳುತ್ತೀಯಮ್ಮ ಎನ್ನಬೇಡಿ. ಕಷ್ಟಪಟ್ಟು ಪಡೆದದ್ದನ್ನು ಮೆಲ್ಲಗೆ ಹೇಳಲು ನನಗೆ ಬರುವುದಿಲ್ಲ.)

ಇಷ್ಟು ವರ್ಷ ಬಾಪಿದಾ ‘ಇಲ್ಲಿ ನಿಲ್ಲಿಸಿ’ ಅಂದರೆ ಮುಗಿಯುತ್ತಿತ್ತು. ಈ ಸಲ ಆ ಜಾಗಕ್ಕೆ ಮೊಬೈಲ್ ಕಂಪನಿಯೊಂದರ ಸ್ಟಾಲ್ ಬಂತು. ಸಾಲ್ಟ್ ಲೇಕ್‌ನಲ್ಲಿ ಗಾಜಿನ ಆಫೀಸುಗಳು ಏಳುತ್ತಿವೆ (ಅಂಥದ್ದೊಂದರಲ್ಲೇ ನನ್ನ ಕೆಲಸ), ಪೂಜೆಗೂ ಸ್ಪಾನ್ಸರ್‌ಗಳ ಸುಗ್ಗಿ. ಪೆಂಡಾಲಿನ ಗೇಟಿನ ಇನ್ನೊಂದು ಬದಿ ಖಾಲಿ ಇತ್ತು. ಅದಕ್ಕೆ ಹೊಸ ನಿಯಮ: ವಾರ್ಡ್ ಆಫೀಸಿನ ತಾತ್ಕಾಲಿಕ ಪರ್ಮಿಟ್ ಬೇಕು.

ಅರ್ಜಿ ಹಾಕಿದೆವು. ಫೋಟೋಗೆಂದು ಅಪ್ಪ ಇಸ್ತ್ರಿ ಶರ್ಟು ತೊಟ್ಟು, ಉಸಿರು ಬಿಗಿಹಿಡಿದು ಕೂತರು.

ಕಳೆದ ವಾರ ಜಾಗ ನೋಡಲು ಆಫೀಸರ್ ಮೇಡಂ ಬಂದರು. ಎಲ್ಲ ಸರಿ ಇತ್ತು. ಬೆಂಕಿ ಆರಿಸಲು ಮರಳಿನ ಬಕೆಟ್ ಕೂಡ. ಕೊನೆಗೆ ಹೇಳಿದರು: ‘ಗಿರಾಕಿಗಳು ರಸ್ತೆ ಕಡೆಯೇ ನಿಲ್ಲಬೇಕು. ಪೆಂಡಾಲಿನ ದಾರಿಗೆ ಅಡ್ಡ ಬರಬಾರದು. ನೀವು ಗಾಡಿಯ ಈಚೆ, ಪೆಂಡಾಲಿಗೆ ಬೆನ್ನು ಮಾಡಿ ನಿಲ್ಲಿ.’

ಅಪ್ಪ ತಲೆ ಅಲ್ಲಾಡಿಸಿದರು. ‘ದೇವಿಗೆ ಬೆನ್ನು ಹಾಕಿ ನಾನು ಒಲೆ ಹಚ್ಚುವುದಿಲ್ಲ.’

‘ಅಪ್ಪಾ!’

‘ಎಂತ ಅಪ್ಪಾ? ಇಷ್ಟು ವರ್ಷ ಅವಳ ಮುಖ ನೋಡಿಯೇ ಒಲೆ ಹಚ್ಚಿದ್ದು. ಪರ್ಮಿಟ್ ಬೇಡ, ಬಿಡು.’

ಬಾಪಿದಾನ ಮುಖದಲ್ಲಿ ಆಗಲೇ ಹಬ್ಬ. ‘ನಾನು ಹೇಳಲಿಲ್ವಾ?’

ನನಗೆ ಅಳು ಬರುವುದೊಂದು ಬಾಕಿ. ಅಪ್ಪನನ್ನು ಬಗ್ಗಿಸುವುದೇ? ಅದು ಅಮ್ಮನಿಗೇ ಆಗಿಲ್ಲ. ಅರ್ಜಿಯ ಜೊತೆ ವಾರ್ಡ್ ಆಫೀಸು ಕೊಟ್ಟಿದ್ದ ನಿಯಮದ ಹಾಳೆ ತೆಗೆದು ಮತ್ತೆ ಓದಿದೆ. ಅಪ್ಪ ದೋಸೆ ಹೊಯ್ದು ನನಗೆ ಕಲಿಸಿದ್ದು ಓದುವುದನ್ನೇ ಅಲ್ಲವೇ?

‘ಮೇಡಂ, ಗಿರಾಕಿ ಎಲ್ಲಿ ನಿಲ್ಲಬೇಕು ಅಂತ ಇದರಲ್ಲಿದೆ. ದೋಸೆ ಹೊಯ್ಯುವವರು ಎಲ್ಲಿ ನಿಲ್ಲಬೇಕು ಅಂತ ಎಲ್ಲಿದೆ?’

ಮೇಡಂ ಓದಿದರು. ಇನ್ನೊಮ್ಮೆ ಓದಿದರು.

‘ಅಪ್ಪನೂ ರಸ್ತೆ ಕಡೆಯೇ ನಿಲ್ಲಲಿ, ಪೆಂಡಾಲಿಗೆ ಮುಖ ಮಾಡಿ. ಗಿರಾಕಿಗಳು ಅವರ ಹಿಂದೆ.’

‘ಗಿರಾಕಿಗಳಿಗೆ ಬೆನ್ನು ತೋರಿಸಿ ವ್ಯಾಪಾರವೇ?’ ಮೇಡಂಗೆ ನಗು.

ಅಪ್ಪ ತಮ್ಮ ಬಂಗಾಳಿಯಲ್ಲಿ ಹೇಳಿದರು: ‘ಗಿರಾಕಿಗೆ ಬೇಕಾದ್ದು ದೋಸೆ. ನನ್ನ ಮುಖ ಅಲ್ಲ.’

ಮೇಡಂ ಅಲ್ಲೇ ಗಾಡಿಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಬಾಪಿದಾ ಮೊಬೈಲ್ ಸ್ಟಾಲಿನ ಬ್ಯಾನರ್ ಸರಿಮಾಡಲು ಹೋದ. (ಅದು ಸರಿಯಾಗಿಯೇ ಇತ್ತು.)

ನಮ್ಮ ದೊಡ್ಡ ದೊಡ್ಡ ಕಚೇರಿಗಳಲ್ಲೂ ಹೀಗೇ ಅಲ್ಲವೇ? ನಿಯಮ ತೋರಿಸಿ ಹೆದರಿಸುವವರು ಸಾಲುಸಾಲು. ಅದನ್ನು ಪೂರ್ತಿ ಓದಿದವರು ಎಷ್ಟು ಮಂದಿ?

ಮೇಡಂ ಪರ್ಮಿಟ್ಟನ್ನು ನನ್ನ ಕಡೆ ಚಾಚಿದರು. ‘ಅವರ ಕೈಗೇ ಕೊಡಿ’ ಅಂದೆ. ಅಪ್ಪ ಪಂಚೆಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡರು. ನನ್ನ ಡಿಗ್ರಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಮನೆಗೆ ಬಂದವರಿಗೆಲ್ಲ ತೋರಿಸುವ ಮನುಷ್ಯ. ಪರ್ಮಿಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿಸಿದರು.

‘ನಿನ್ನದರಲ್ಲಿ ಫೋಟೋ ಇಲ್ಲ ಮಗಾ. ನನ್ನದರಲ್ಲಿ ಉಂಟು, ನೋಡು.’