ಅಲಗಿನ ಎದುರಿಗೆ ಆಡದ ಮಾತು

ಕುಲಗೋಡದ ಲಗಮಣ್ಣ ಕಬ್ಬು ಕಡಿಯುವ ಕೂಲಿ ಬಿಟ್ಟು ಕೊಯ್ತಾ ಮಾಡಲು ಕುಳಿತಾಗ ಅವನಿಗೆ ಮೂವತ್ತು ದಾಟಿತ್ತು. ಕೊಯ್ತಾ ಅಂದರೆ ಕಬ್ಬಿನ ಬುಡಕ್ಕೆ ಬೀಸುವ ಅಗಲ ಅಲಗಿನ ಕತ್ತಿ. ಈ ವಯಸ್ಸಿನಲ್ಲಿ ಹೊಸ ವಿದ್ಯೆಯ ಉಸಾಬರಿ ಇವನಿಗೆ ಯಾಕೆ ಬೇಕಿತ್ತು ಎಂದು ಊರೆಲ್ಲ ಕೇಳಿತು. ಆದರೆ ಲಗಮಣ್ಣನ ಸ್ವಭಾವವೇ ಅಂಥದು. ಯಾವ ಸಾಮಾನು ಕೈಗೆ ಸಿಕ್ಕರೂ ಹೊರಳಿಸಿ ನೋಡಿ, ಮೂಸಿ, "ಇದು ಹಿಂಗ್ಯಾಕ ಐತಿ?" ಎಂದು ಕೇಳದೆ ಕೆಳಗಿಡುತ್ತಿರಲಿಲ್ಲ. ಗಾಡಿಯ ಅಚ್ಚಿನಿಂದ ಹಿಡಿದು ಸಾಲಿ ಮಾಸ್ತರರ ಕನ್ನಡಕದವರೆಗೆ ಎಲ್ಲವೂ ಅವನಿಗೆ ಬೇಕು. ಅವನು ಎದುರಿಗೆ ಬಂದರೆ ಮಾಸ್ತರರು ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರಂತೆ. ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಅವನ ಹೆಂಡತಿ ರಾಯವ್ವ ಮುಂದೊಂದು ದಿನ ನನಗೆ ಹೇಳಿದ್ದು. ಉಪ್ಪು ಖಾರ ಮಾತ್ರ ನನ್ನದು.

ನಮ್ಮ ಸೀಮೆ ಮುಂಬಯಿ ಸರಕಾರ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಊರೂರು ತಿರುಗಿ ಕಬ್ಬಿಣ ಬಡಿಯುವ ಘಿಸಾಡಿಗಳು ಆ ಬೇಸಿಗೆಯಲ್ಲಿ ನಮ್ಮ ಹಳ್ಳದ ದಂಡೆಗೆ ಬಿಡಾರ ಹೂಡಿದ್ದರು. ಲಗಮಣ್ಣ ಕೂಲಿ ಬಿಟ್ಟು ಅವರ ಕುಲುಮೆಯ ಮುಂದೆ ಕೂತುಬಿಟ್ಟ. ಪುಕ್ಕಟೆ ತಿದಿ ಒತ್ತಿದ, ಪುಕ್ಕಟೆ ಸುತ್ತಿಗೆ ಬೀಸಿದ, ಅವರು ಬೈದರೂ ಏಳಲಿಲ್ಲ. ಬಿಡಾರ ಕಿತ್ತುಕೊಂಡು ಹೋಗುವಾಗ ಅವರು ಒಂದು ಹಳೆಯ ತಿದಿಯನ್ನೂ ಕಾಸಿದ ಕಬ್ಬಿಣ ಇಟ್ಟು ಬಡಿಯುವ ಸಣ್ಣದೊಂದು ಅಡಿಗಲ್ಲನ್ನೂ ಅವನಿಗೆ ಬಿಟ್ಟುಹೋದರು. ಬದಲಿಗೆ ಒಂದು ಆಡು ಹೊಡೆದುಕೊಂಡು ಹೋದರು. ಆಡು ರಾಯವ್ವನದು.

ರಾಯವ್ವ ಕಬ್ಬು ಕಡಿಯುವುದರಲ್ಲಿ ನಮ್ಮ ಸುತ್ತಿನಲ್ಲೇ ಹೆಸರಾದವಳು. ಅವಳು ಸಾಲು ಹಿಡಿದರೆ ಗಂಡಸರು ಹಿಂದೆ ಬೀಳುತ್ತಿದ್ದರು. ಆಡು ಹೋದ ದಿನ ಅವಳು ಕೂಗಾಡಲಿಲ್ಲ. ಅಡಿಗಲ್ಲನ್ನು ಕಾಲಿನಿಂದ ಮುಟ್ಟಿ ನೋಡಿ ಇಷ್ಟೇ ಹೇಳಿದಳು:

"ಬರೂ ಯುಗಾದಿ ತನಕಾ ನಾ ದುಡದ ಹಾಕ್ತೇನ್ರಿ. ಅಷ್ಟರಾಗ ನಿಮ್ಮ ಕೊಯ್ತಾ ನಾಕ ಮಂದಿ ಹೊಲದಾಗ ಹಿಡದ್ರ ಹಿಡೀಲಿ. ಇಲ್ಲಾಂದ್ರ ಈ ತಿದಿ ಮಾರಿ ಮತ್ತ ಕಬ್ಬಿನ ಸಾಲಿಗೆ ಬರಬೇಕ."

ಲಗಮಣ್ಣ ಒಪ್ಪಿದ. ಗೋಕಾವಿಯ ಗುಜರಿ ಅಂಗಡಿಯಿಂದ ಲಾರಿಯ ಮುರಿದ ಕಮಾನು ಪಟ್ಟಿ ಹೊತ್ತು ತಂದು ಶುರು ಮಾಡಿದ. ಮೊದಲಿನವು ಹೇಗಿದ್ದವು ಎಂದು ಕೇಳಬೇಡಿ. ಒಂದು ಬಾತುಕೋಳಿಯ ಕೊಕ್ಕಿನ ಹಾಗೆ ಮುಂದೆ ಚಪ್ಪಟೆ, ಇನ್ನೊಂದರ ಹಿಡಿ ಮೂರು ಬೀಸಿಗೆ ಕಳಚಿ ಬೀಳುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಅವನಿಗೆ ಬೇಕಾದದ್ದು ಒಂದೇ. ಯಾರಾದರೂ ಹಿಡಿದು ನೋಡಿ, ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ ಎಂದು ತಪ್ಪು ಎತ್ತಿ ಹೇಳಬೇಕು.

ನಮ್ಮ ಮನೆಗೂ ಬಂದಿದ್ದ. ಅವನ ಕೇರಿ ಬೇರೆ, ಅಂಗಳದಲ್ಲೇ ನಿಲ್ಲಬೇಕು. ಅವನು ಮಾಡಿದ ಕೊಯ್ತಾ ಮಾತ್ರ ಒಳಗೆ ಬರಬಹುದು, ಕಬ್ಬಿಣಕ್ಕೆ ಮೈಲಿಗೆಯಿಲ್ಲ ಎಂಬ ಅನುಕೂಲದ ಶಾಸ್ತ್ರ ನಮ್ಮವರಲ್ಲಿತ್ತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವನು ಕೊಯ್ತಾವನ್ನು ನೆಲದ ಮೇಲಿಟ್ಟ. ನಮ್ಮವ್ವ ಶಿವಗಂಗವ್ವ ಎತ್ತಿಕೊಂಡು ನೋಡಿದಳು.

"ಭಾಳ ಚೊಲೊ ಆಗೇತಿ ಬಿಡೋ ಲಗಮಣ್ಣಾ."

"ತಪ್ಪೇನೈತಿ ಹೇಳ್ರಿ ಯವ್ವಾ."

"ತಪ್ಪಾ? ಎಲ್ಲೀ ತಪ್ಪ? ಬಂಗಾರದಂಗ ಐತಿ."

ಬಂಗಾರದಂಥ ಆ ಕೊಯ್ತಾವನ್ನು ನಮ್ಮವ್ವ ಹಿತ್ತಲ ಸೂರಿಗೆ ಸಿಕ್ಕಿಸಿದಳು. ಅದು ಅಲ್ಲೇ ತುಕ್ಕು ಹಿಡಿಯಿತು. ಊರಲ್ಲಿ ಎಲ್ಲರ ಮನೆಯಲ್ಲೂ ಇದೇ ಕಥೆ. ಬಾಯಲ್ಲಿ ಹೊಗಳಿಕೆ, ಸೂರಿನಲ್ಲಿ ಕೊಯ್ತಾ. ಕಡಿಯುವ ಹಂಗಾಮು ಶುರುವಾದಾಗ ಲಗಮಣ್ಣ ಹೊಲಹೊಲ ತಿರುಗಿ ನೋಡಿದ. ಒಬ್ಬರ ಕೈಯಲ್ಲೂ ಅವನದಿಲ್ಲ. ರಾಯವ್ವ ಮಾತ್ರ ದಿನಾ ಬೆಳಿಗ್ಗೆ ಅವನು ಮಾಡಿದ್ದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಸಂಜೆ ಬಂದವಳನ್ನು "ಹೆಂಗೈತಿ?" ಎಂದು ಕೇಳಿದರೆ "ಚೊಲೊ ಐತ್ರಿ" ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ಇವನಿಗೆ ತಲೆ ಕೆಟ್ಟುಹೋಯಿತು. ಒಂದು ದಿನ ಬೇಕಂತಲೇ ಒಂದು ಕೆಟ್ಟ ಕೊಯ್ತಾ ಮಾಡಿದ. ಮೂಗು ಸೊಟ್ಟ, ಹಿಡಿ ಓರೆ, ಅಲಗು ಬೆಣ್ಣೆ ಸವರಲೂ ಬಾರದಷ್ಟು ಮೊಂಡು. ಅದನ್ನು ಮೂಡಲಗಿ ಸಂತೆಗೆ ಒಯ್ದು ಗೊತ್ತಿಲ್ಲದವರ ಮುಂದಿಟ್ಟ. ಇದನ್ನು ನೋಡಿಯಾದರೂ ಯಾರಾದರೂ ನಗಬೇಡವೇ? ಒಬ್ಬ ರೈತ ಎತ್ತಿ ಹಿಡಿದು, ಗಂಭೀರವಾಗಿ ತಲೆಯಾಡಿಸಿ, "ಭಾರೀ ಆಗೇತಿ" ಎಂದ. ಇನ್ನೊಬ್ಬ "ಕೈ ಪಳಗೇತಿ ನಿಂದು" ಎಂದ. ಇಬ್ಬರೂ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಮುಂದಿನ ಅಂಗಡಿಗೆ ಹೋದರು.

ಅವತ್ತು ಲಗಮಣ್ಣನಿಗೆ ಮೊದಲ ಸಲ ಅಳು ಬಂತು. ಬೈದರೆ ತಡೆದುಕೊಳ್ಳುತ್ತಿದ್ದ. ಸೊಟ್ಟ ಮೂಗಿಗೂ ನೆಟ್ಟ ಮೂಗಿಗೂ ಒಂದೇ ಮಾತು ಸಿಕ್ಕರೆ ಕಲಿಯುವುದು ಎಲ್ಲಿಂದ?

ಶಿವರಾತ್ರಿ ಕಳೆಯಿತು, ಯುಗಾದಿ ಹತ್ತಿರ ಬಂತು. ಅವನು ಕೈಚೆಲ್ಲಿದ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಲಕ್ಕಪ್ಪ ಎಂಬ ರೈತನ ಕಬ್ಬಿನ ಗಾಣವಿತ್ತು. ಹಿಂದೆ ಲಗಮಣ್ಣ ಅಲ್ಲಿ ಕಬ್ಬು ಕಡಿದವನು. ಹೋದ ತಿಂಗಳೂ ಕೊಯ್ತಾ ತೋರಿಸಲು ಅಲ್ಲಿಗೆ ಹೋಗಿ, ಕಡಿಯುವವರಿಗೆ ಅರ್ಧ ದಿನ ಬೀಸಲು ಕೊಟ್ಟು, ಹೊಗಳಿಸಿಕೊಂಡು ಬಂದಿದ್ದ. ಈ ಸಲ ಹೋದದ್ದು ಯುಗಾದಿಯಿಂದ ವರ್ಷದ ಕೆಲಸಕ್ಕೆ ಇಟ್ಟುಕೊಳ್ಳಿರಿ ಎಂದು ಕೇಳಲು. ಆದ್ದರಿಂದ ಕೊಯ್ತಾದ ಚೀಲ ಒಯ್ಯಲಿಲ್ಲ. ಬರಿಗೈಯಲ್ಲಿ ಹೋದ.

ಗಾಣದ ಹತ್ತಿರ ಕಡಿಯುವವರು ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಅವರ ಕೊಯ್ತಾಗಳೆಲ್ಲ ದೂರದ ಹೊಲದಲ್ಲೇ ಇದ್ದವು. ಲಗಮಣ್ಣ ಅವರ ಜೊತೆ ಕುಳಿತು, ಸಾಕಾಯಿತು, ಕುಲುಮೆ ಬಿಡುತ್ತೇನೆ ಎಂದ. ಕರೆಪ್ಪ ಎಂಬ ಕಡಿಯುವವನು ತುತ್ತು ನುಂಗಿ ಹೇಳಿದ:

"ಚೊಲೊ ಆತ ಬಿಡಣ್ಣಾ. ನಿನ್ನ ಕೊಯ್ತಾ ಹಿಡದ್ರ ಮಧ್ಯಾಹ್ನಕ್ಕ ಮಣಿಕಟ್ಟ ಬಿದ್ದ ಹೋಗತಾವ. ಮುಂದ ಎಷ್ಟ ವಜ್ಜಾ ಐತಿ!"

"ವಜ್ಜಾ ಎಲ್ಲಿ? ಹಗುರಾತು ಅದು," ಎಂದ ಇನ್ನೊಬ್ಬ. "ಕಬ್ಬಿಗೆ ಬಡದ್ರ ಪುಟಿದ ಬರತೇತಿ. ಹಿಡಿ ಅಂತೂ ಕೇಳಬ್ಯಾಡ, ರಸಾ ತಾಗಿದ್ರ ಮೀನ ಹಿಡದಂಗ."

ಲಗಮಣ್ಣ ಬಾಯಿ ತೆರೆದುಕೊಂಡು ಕೂತ. ಒಂದು ವರ್ಷ ಕಾಲಿಗೆ ಬಿದ್ದರೂ ಸಿಗದಿದ್ದ ಮಾತು ಈಗ ರೊಟ್ಟಿಯ ಜೊತೆ ಪುಕ್ಕಟೆ ಉದುರುತ್ತಿದೆ!

"ಮತ್ತ ಹೋದ ತಿಂಗಳ ಬಂದಾಗ ಭಾರೀ ಐತಿ ಅಂದ್ರೆಲ್ಲೋ?"

ಬೆಲ್ಲದ ಅಚ್ಚಿನ ಹತ್ತಿರ ನಿಂತಿದ್ದ ಲಕ್ಕಪ್ಪನ ತಾಯಿ ಕಾಶೆವ್ವ ನಕ್ಕಳು. "ಅವತ್ತ ಅಲಗ ಎದುರಿಗಿತ್ತಲ್ಲೋ ಹುಚ್ಚಾ. ಅಲಗಿನ ಎದುರಿಗೆ ಅದರ ಕೊರತಿ ಯಾರರೆ ಆಡತಾರೇನ? ನೀ ಆಡೀಯೇನ?"

ಅವನೂ ಆಡಿದವನಲ್ಲ. ಅಲಗು ಎದುರಿಗಿರುವಾಗ ಅದನ್ನು ಹಳಿಯಬಾರದು, ಹಳಿದರೆ ಅದು ಆಡಿದವರ ಬೆರಳನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಮನೆ ಬಿಟ್ಟು ಹೊರಡುವಾಗ 'ಹೋಗ್ತೇನಿ' ಅನ್ನದೆ 'ಬರ್ತೇನಿ' ಅನ್ನುತ್ತೇವಲ್ಲ, ಹಾಗೆ ತಾನಾಗಿ ಬಾಯಿಗೆ ಬರುತ್ತದೆ. ಹುಟ್ಟಿದಾಗಿನಿಂದ ಲಗಮಣ್ಣ ತಾನೂ ಎಷ್ಟೋ ಮೊಂಡು ಕೊಯ್ತಾ ಹಿಡಿದು 'ಚೊಲೊ ಐತಿ' ಅಂದಿದ್ದ. ಆದರೆ ತನ್ನ ಕೊಯ್ತಾದ ಬಗ್ಗೆ ಯಾರಾದರೂ ಹಾಗಂದರೆ ಅದೇ ರೂಢಿಯ ಮಾತು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹಳೆಯ ಕಂಬಾರನಿಗೆ ಈ ತೊಂದರೆ ಇಲ್ಲ. ಸವೆದದ್ದು, ಮುಕ್ಕಾದದ್ದು ದುರಸ್ತಿಗೆ ಅವನ ಬಳಿಗೇ ಬರುತ್ತದೆ, ನೋಡಿದರೆ ಸಾಕು. ಹೊಸಬನ ಕೊಯ್ತಾವನ್ನು ಬೀಸಿ ನೋಡಿದವರೂ ಬಳಕೆಗೆ ಇಟ್ಟುಕೊಳ್ಳುವುದಿಲ್ಲ, ಅದು ದುರಸ್ತಿಗೂ ಬರುವುದಿಲ್ಲ. ಇವನೋ, ತಪ್ಪು ಹೇಳಿರಿ ಎಂದು ಅಂಗಲಾಚುತ್ತ ಅದನ್ನೇ ಎದುರಿಗಿಟ್ಟು ಎಲ್ಲರ ಬಾಯಿ ಮುಚ್ಚಿಸುತ್ತಿದ್ದ.

ಲಗಮಣ್ಣ ಗಾಣದ ಮುಂದೆ ಎದ್ದು ನಿಂತು ಹುಚ್ಚನ ಹಾಗೆ ನಕ್ಕನಂತೆ. ಕೆಲಸ ಕೇಳಲು ಬಂದದ್ದನ್ನೂ ಮರೆತು ಊರ ದಾರಿ ಹಿಡಿದ.

ಆದರೆ ದಾರಿಯಲ್ಲಿ ಯೋಚನೆ ಹತ್ತಿತು. ಒಬ್ಬ ಭಾರ ಅಂದ, ಇನ್ನೊಬ್ಬ ಹಗುರ ಅಂದ. ಯಾರ ಮಾತು ಹಿಡಿಯುವುದು? ಇಬ್ಬರ ಕೈಯನ್ನೂ ಅವನು ಬಲ್ಲ, ಅಷ್ಟಕ್ಕಷ್ಟೇ. ಎಲ್ಲರಿಗಿಂತ ಚೆನ್ನಾಗಿ ಕಡಿಯುವ ಕೈ ಅವನ ಮನೆಯಲ್ಲೇ ಇತ್ತು. ವರ್ಷವಿಡೀ ಅವನ ಕೊಯ್ತಾ ಒಯ್ದದ್ದೂ ಅವಳೇ. ಆ ಮನೆಯಲ್ಲೋ ಗೋಡೆಗೊಂದು, ಮೂಲೆಗೆರಡು, ಒಲೆಯ ಬಾಜೂಕ್ಕೊಂದು ಕೊಯ್ತಾ. ರಾಯವ್ವ ಬಾಯಿ ಬಿಡುವುದಾದರೂ ಎಲ್ಲಿ?

ಮರುದಿನ ಹೆಂಡತಿಗೆ, "ನಡಿ, ಗೋಕಾವಿಗೆ ಹೋಗಿ ಬರೂಣು" ಎಂದ.

"ಯಾಕ್ರಿ?"

"ಸುಮ್ನ."

ಮದುವೆಯಾದಾಗಿನಿಂದ ಗಂಡ ಅವಳನ್ನು ಸುಮ್ಮನೆ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ತಿದಿ ಮಾರಲು ಗಿರಾಕಿ ನೋಡಿದ್ದಾನೆ, ಹೇಳಲು ನಾಚಿಕೆ, ಅದಕ್ಕೇ ಜೊತೆಗೆ ಕರೆಯುತ್ತಿದ್ದಾನೆ ಎಂದುಕೊಂಡಳು ರಾಯವ್ವ. ತಾನೇ ಹಾಕಿದ ಷರತ್ತು, ತನಗೇ ಸಂಕಟ. ಸೆರಗು ಹೊದ್ದು ಹೊರಟಳು.

ಬಸ್ಸಿನಲ್ಲಿ ಲಗಮಣ್ಣ ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ, ಬುಟ್ಟಿ ಇಟ್ಟುಕೊಂಡವರನ್ನು ಒಳಗೇನಿದೆ ಎಂದು ಕೇಳಿದ. ಕಂಡಕ್ಟರ್ ಸಂಶಯದಿಂದ ನೋಡತೊಡಗಿದ. ಎಲ್ಲ ಸರಿಯಿದೆ ಅನ್ನುವಷ್ಟರಲ್ಲಿ ಶಿದ್ರಾಮ ಎಂಬ ಕುರಿ ಕಾಯುವವನು ಬಗಲಲ್ಲಿ ಕುಡಗೋಲು ಇಟ್ಟುಕೊಂಡು ಹತ್ತಿದ. ಲಗಮಣ್ಣ ಅವನ ಗದ್ದ ಹಿಡಿದು ಬೇಡಿಕೊಂಡು ಆ ಕುಡಗೋಲನ್ನು ಬಸ್ಸಿನ ಮೇಲೆ ಹಾಕಿಸಿದ. ಆಮೇಲೆ ಹೆಂಡತಿಯ ಪಕ್ಕ ಕುಳಿತು ಕಿವಿಯ ಹತ್ತಿರ ಹೇಳಿದ:

"ಈಗ ಹೇಳ. ನನ್ನ ಕೊಯ್ತಾದಾಗ ಏನೇನ ತಪ್ಪೈತಿ?"

ರಾಯವ್ವನಿಗೆ ಆಗ ಎಲ್ಲ ಅರ್ಥವಾಯಿತು. ಅವಳ ಮುಖ ಅರಳಿತು. ಆದರೆ ಬಸ್ಸಿನ ಸೂರಿನ ಕಡೆ ಕಣ್ಣೆತ್ತಿ ನೋಡಿ ತುಟಿ ಬಿಗಿದಳು.

"ನಡುವ ತಗಡೈತಿ, ಅದಕ್ಕ ಕೇಳಸೂದಿಲ್ಲ" ಎಂದ ಗಂಡ.

"ಅದರ ಕಿವಿ ಎಷ್ಟ ಚುರಕ ಅನ್ನೂದು ನಿಮಗೇನ ಗೊತ್ತ್ರಿ?"

ಇವನಿಗೂ ಅದು ಖರೆ ಅನ್ನಿಸಿತು. ಹಾಗಾದರೆ ಅಲಗಿಗೆ ಎಷ್ಟು ದೂರದ ಮಾತು ಕೇಳಿಸೀತು? ಒಂದು ಹರದಾರಿ? ಗುಡ್ಡ ಅಡ್ಡ ಬಂದರೆ? ಅವನು ಅದನ್ನೇ ಯೋಚಿಸುತ್ತ, ಗೋಕಾವಿ ಇನ್ನೂ ದೂರ ಇರುವಾಗಲೇ ಗಾಡಿ ನಿಲ್ಲಿಸಿ ಹೆಂಡತಿಯೊಡನೆ ಇಳಿದ. ಕಂಡಕ್ಟರ್ ಬೈದ ಬೈಗಳನ್ನು ಇಲ್ಲಿ ಬರೆಯಲಾಗದು. ಬಸ್ಸು ಧೂಳೆಬ್ಬಿಸಿ ತಿರುವಿನಾಚೆ ಮರೆಯಾಗುವವರೆಗೆ ಇಬ್ಬರೂ ಸುಮ್ಮನೆ ನಿಂತರು. ಆಮೇಲೆ ದಾರಿಬದಿಯ ಬೇವಿನ ಗಿಡದ ಕೆಳಗೆ ಕೂತರು. ಗಾಣದ ಹತ್ತಿರ ಕರೆಪ್ಪನೂ ಇನ್ನೊಬ್ಬನೂ ಆಡಿದ್ದನ್ನು ಲಗಮಣ್ಣ ಹೇಳಿದ.

ರಾಯವ್ವ ಶುರು ಮಾಡಿದಳು. ವರ್ಷದ ಮಾತು ಒಮ್ಮೆಗೇ ಬಂತು.

"ಮೊದಲ ಹಿಡಿ. ಗುಂಡಗ ಮಾಡೀರಿ, ಇಬ್ಬನಿ ಹೊತ್ತಿನ್ಯಾಗ ಕೈಯಾಗ ತಿರಗತೇತಿ. ತತ್ತಿಯಂಗ ಒಂದ ಬಾಜೂ ಒತ್ತಿರಬೇಕ. ಕಾಸಿದ ಅಲಗಿಗೆ ನೀರ ಭಾಳ ಕುಡಸಿ ಬಿರಸ ಮಾಡೀರಿ, ಬುಡದಾಗ ಕಲ್ಲ ತಾಗಿದ್ರ ಹಲ್ಲ ಮುರದಂಗ ಮುಕ್ಕ ಆಗತೇತಿ. ಮತ್ತ ಎಲ್ಲಾದಕ್ಕಿಂತ ದೊಡ್ಡದು, ಉದ್ದ. ನೀವು ನಿಮ್ಮ ತೋಳಿನ ಅಳತಿಗೆ ಮಾಡೀರಿ. ಕಡಿಯಾವ್ರು ಅರ್ಧಕ್ಕರ್ಧ ಮಂದಿ ಹೆಂಗಸರು. ನಾವು ಅದನ್ನ ಬೀಸಿದ್ರ ನೆಲಾ ಕಡೀತೇವಿ, ಕಬ್ಬಲ್ಲ. ಕರೆಪ್ಪಗ ವಜ್ಜಾ, ಇನ್ನೊಬ್ಬಗ ಹಗುರ ಅಂದ್ರ ಇಬ್ಬರದೂ ಖರೇನ. ಎಲ್ಲಾರಿಗೂ ಒಂದ ಮಾಡಾಕ ಹೋಗಬ್ಯಾಡ್ರಿ, ಕೈ ನೋಡಿ ಮಾಡ್ರಿ."

ಗಾಳಿಯಲ್ಲೇ ಕೈ ಬೀಸಿ ತೋರಿಸಿದಳು. ಕಡಿದ ಮೇಲೆ ರವದಿ ಸುಲಿಯಲು ಬೆನ್ನಿನ ಕಡೆ ಸಣ್ಣದೊಂದು ಕೊಕ್ಕೆ ಇದ್ದರೆ ಕೈಯಿಂದ ಒಣ ಎಲೆ ಕೀಳುವುದು ತಪ್ಪುತ್ತದೆ, ಹಸ್ತ ಕೊಯ್ದುಕೊಳ್ಳುವುದೂ ತಪ್ಪುತ್ತದೆ ಎಂದಳು. ತನ್ನ ಹಸ್ತ ಚಾಚಿದಳು. ಲಗಮಣ್ಣ ಆ ಗೆರೆಗಳನ್ನು ಹತ್ತಿರ ಹಿಡಿದು ನೋಡಿದ. ಇಷ್ಟು ವರ್ಷ ಲೋಕದ ಸಾಮಾನೆಲ್ಲ ಹೊರಳಿಸಿ ನೋಡಿದವನು ಇದೊಂದನ್ನು ನೋಡಿರಲಿಲ್ಲ.

"ಇಷ್ಟ ತಪ್ಪಿದ್ರೂ ದಿನಾ ಅದರಿಂದನ ಕಡದೀಯಲ್ಲ!"

ರಾಯವ್ವ ತಲೆ ತಗ್ಗಿಸಿದಳು. "ಇಲ್ರಿ. ಒಂದೆರಡ ಸಾಲ ಬೀಸಿ ನೋಡಿದ್ನಿ, ಆಮ್ಯಾಲ ಹೊಲದಾಗ ನಿಮ್ಮದು ಗಂಟಿನ್ಯಾಗ ಇರತಿತ್ತು. ಕಡಿಯೂದು ಹಳೇ ಕೊಯ್ತಾದಿಂದ. ನಿಮ್ಮ ಕಣ್ಣಿಗೆ ಕಾಣಲಿ ಅಂತ ಒಯ್ತಿದ್ನಿ."

ಸೂರಿಗೆ ಸಿಕ್ಕಿಸಿದ ನಮ್ಮವ್ವನ ಕೊಯ್ತಾಕ್ಕಿಂತ ಇದು ಅವನನ್ನು ಹೆಚ್ಚು ನೋಯಿಸಿತು. ತನ್ನ ಕೊಯ್ತಾ ಯಾರ ಹೊಲದಲ್ಲೂ ನಿಂತಿಲ್ಲ, ಹೆಂಡತಿಯ ಕೈಯಲ್ಲೂ ಇಲ್ಲ. ಷರತ್ತಿನ ಪ್ರಕಾರ ಸೋತಾಯಿತು. ನೆಲ ನೋಡುತ್ತ ಕೇಳಿದ:

"ಹಂಗಾದ್ರ ತಿದಿ ಮಾರಿಬಿಡೂಣೇನ?"

ರಾಯವ್ವ ಸರಕ್ಕನೆ ತಲೆಯೆತ್ತಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಮಾರೂದಿದ್ರ ಇಷ್ಟೆಲ್ಲಾ ಯಾಕ ಹೇಳತಿದ್ನಿ? ಏಳ್ರಿ, ಗೋಕಾವಿಗೆ ಹೋಗಿ ಕಮಾನ ಪಟ್ಟಿ ತರೂಣು."

ಎಂದು ಸೆರಗಿನ ಧೂಳು ಕೊಡವಿಕೊಂಡು ಅವಳೇ ಮುಂದೆ ನಡೆದಳು.