ಪಾರಿವಾಳ ಓಡಿಸುವ ಫುಸಾಯೆ

ಇಬುಸುಕಿಯಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿರುವ ನಮ್ಮ ಫುಸಾಯೆ ನೆರೆಹೊರೆಗೆ ಬೆಣ್ಣೆಯಂಥ ಹೆಂಗಸು. ಇಸ್ತ್ರಿ ಮೇಜಿನ ಮೇಲಿನ ಫೋನಿನಲ್ಲಿ ಮಾತ್ರ ಹುಲಿ. ದೂರದ ಯಮಗಾತ ಪ್ರಾಂತ್ಯದಲ್ಲೆಲ್ಲೋ ಮರದ ಬೊಂಬೆ ಕಡೆಯುವ ಇತ್ಸುಕಿ ಎಂಬವನ ನೇರಪ್ರಸಾರಕ್ಕೆ ಅವಳೇ ಕಾವಲು; ನೋಡುಗರು ಬರೆದದ್ದರಲ್ಲಿ ಬೇಡದ್ದನ್ನು ಅಳಿಸುವ, ಬರೆದವರನ್ನು ಹೊರದಬ್ಬುವ ಅಧಿಕಾರ ಅವಳದು. ಆ ಪ್ರಾಂತ್ಯದಲ್ಲಿ ಅವನ ಊರು ಯಾವುದೆಂದು ಕೂಡ ಗೊತ್ತಿಲ್ಲ, ಆದರೂ ಅವನನ್ನು ಯಾರಾದರೂ ಒಂದು ಮಾತು ಅಂದರೆ ಇವಳಿಗೆ ಮೈಯೆಲ್ಲ ಉರಿ.

ನಗು ಬಂದವರು ಅಲ್ಲಿ ‘ಹುಲ್ಲು’ ಎಂದು ಬರೆಯುತ್ತಾರೆ. ಅದಕ್ಕೆ ಅಡ್ಡಿಯಿಲ್ಲ. ಒಬ್ಬರ ಪ್ರಸಾರದ ಸುದ್ದಿಯನ್ನು ಇನ್ನೊಬ್ಬರಲ್ಲಿಗೆ ಹೊತ್ತು ತರುವವರು ‘ಪಾರಿವಾಳ’ಗಳು. ಅವರನ್ನು ಕಂಡರೆ ಯಾರಿಗೂ ಆಗದು. ಇತ್ಸುಕಿಯ ಮನೆಗೆ ತಾಗಿದ ಗೋಡೆಯಾಚೆ ಇರುವ ಅವನ ಅಣ್ಣ ರ್‍ಯೋಹೆಯೂ ಪ್ರಸಾರ ಮಾಡುವವನೇ. ಇವನಂದದ್ದನ್ನು ಅವನಿಗೆ, ಅವನಂದದ್ದನ್ನು ಇವನಿಗೆ ಮುಟ್ಟಿಸಿ, ಉರಿಯುವ ಬೆಂಕಿಗೆ ತುಪ್ಪ ಸುರಿದು, ಅಣ್ಣತಮ್ಮಂದಿರ ಮಾತು ನಿಲ್ಲಿಸಿದ್ದೇ ಈ ಪಾರಿವಾಳಗಳು. ಹಾಗಾಗಿ ಅಣ್ಣನ ಸುದ್ದಿ ಎತ್ತಿದವರನ್ನು ಫುಸಾಯೆ ಹಿಂದೆಮುಂದೆ ನೋಡದೆ ಹೊರದಬ್ಬುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಇತ್ಸುಕಿಯ ಪ್ರಸಾರದಲ್ಲಿ ಯಾರೋ ಬರೆದರು: “ನಿಮ್ಮಣ್ಣ ಮಾಡಿನ ಮೇಲಿಂದ ಬಿದ್ರು, ಬೇಗ ಹೋಗಿ!”

ಅಳಿಸಿದಳು. ಇನ್ನೊಬ್ಬ ಬಂದ. “ಹಿಮದಡಿ ಸಿಕ್ಕಾಕ್ಕೊಂಡಿದ್ದಾರೆ, ಸುಳ್ಳಲ್ಲ!”

“ಬಂತು ನೋಡು ಹಿಂಡು,” ಎಂದು ಗೊಣಗುತ್ತಾ ಅವನನ್ನೂ ದಬ್ಬಿದಳು. ಆಗ ಮೂರನೆಯದು ಬಂತು.

“ಅಮ್ಮಾ, ಬೈದು ಓಡಿಸಿ, ಬೇಡ ಅನ್ನಲ್ಲ. ಒಂದ್ಸಲ ನೋಡಿ ಓಡಿಸಿ. ಅಲ್ಲಿ ಈಗ ಯಾರೂ ಹುಲ್ಲು ಬರೀತಿಲ್ಲ.”

ರ್‍ಯೋಹೆ ಬಾಯಿಬಿಟ್ಟರೆ ನಗೆಚಾಟಿಕೆ. ಅಲ್ಲಿ ಹುಲ್ಲಿಲ್ಲದ ಗಳಿಗೆಯೇ ಇಲ್ಲ. ಫುಸಾಯೆ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟಳು. ಅಂಗಡಿಯ ಕಂಪ್ಯೂಟರಿನಲ್ಲಿ ಅವನ ಪ್ರಸಾರ ತೆರೆದಳು. ಮಾಡಿನ ಹಿಮ ಎಳೆಯುವುದನ್ನು ತೋರಿಸಲು ಅಂಗಳದಲ್ಲಿ ಇಟ್ಟ ಕ್ಯಾಮೆರಾ ಹಾಗೇ ಇತ್ತು. ಎದುರಿಗೆ ಹಿಮದ ಗುಡ್ಡೆ, ಅದರಿಂದ ಹೊರಚಾಚಿದ ಒಂದು ಕೈಗವಸು. ಅದು ಅಲುಗುತ್ತಿರಲಿಲ್ಲ.

ಅಲ್ಲಿ ನೋಡುಗರೊಬ್ಬರು ಬರೆದಿದ್ದರು: “ವಿಳಾಸ ಯಾರಿಗಾದ್ರೂ ಗೊತ್ತಾ? ಆಂಬುಲೆನ್ಸಿನವರು ಎಲ್ಲಿಗೆ ಅಂತ ಕೇಳ್ತಿದ್ದಾರೆ!”

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನೇ ಒಬ್ಬ ಗೋಡೆಯಾಚೆ ಯಂತ್ರದ ಗದ್ದಲದಲ್ಲಿ ತಲೆತಗ್ಗಿಸಿ ಬೊಂಬೆ ಕಡೆಯುತ್ತಿದ್ದ.

ಫುಸಾಯೆ ತಾನು ಕಂಡದ್ದನ್ನು ಫೋನಿನಿಂದ ಇತ್ಸುಕಿಗೆ ಬರೆದಳು. ಇತ್ಸುಕಿ ಓದಿ ನಕ್ಕುಬಿಟ್ಟ. “ಏನಮ್ಮಾ, ಕಡೆಗೆ ನೀವೂ ಪಾರಿವಾಳ ಆದ್ರಾ?” ಎಂದು ಮತ್ತೆ ಉಳಿ ಹಿಡಿದ. ಹುಲ್ಲೋ ಹುಲ್ಲು! ಅವಳ ಮಾತು ಅದರಡಿ ಮುಚ್ಚಿಹೋಯಿತು. ಆ ನಗುವವರನ್ನೆಲ್ಲ ಹಿಡಿದು ಬಾರಿಸುವಷ್ಟು ಸಿಟ್ಟು ಬಂತು ಅವಳಿಗೆ, ಅದಕ್ಕಿಂತ ಹೆಚ್ಚು ಭಯ.

“ನಗ್ಬೇಡಿ. ನಾನು ಕಣ್ಣಾರೆ ನೋಡ್ದೆ. ಎಲ್ರೂ ಇದನ್ನೇ ಬರೀರಿ, ನಿಲ್ಲಿಸ್ಬೇಡಿ: ಅಣ್ಣ ಹಿಮದಡಿ ಇದ್ದಾನೆ.”

ಫುಸಾಯೆ ಹೇಳಿದಳೆಂದರೆ ತಮಾಷೆ ಇರಲಾರದು. ಒಬ್ಬ ಬರೆದ, ಹಿಂದೆಯೇ ಇನ್ನೊಬ್ಬ. ನೋಡನೋಡುತ್ತಾ ಪರದೆಯ ತುಂಬ ಅದೊಂದೇ ಸಾಲು. ಇತ್ಸುಕಿ ತಲೆಯೆತ್ತಿದ. ಯಂತ್ರ ನಿಂತಿತು. ಸ್ಟೂಲು ಉರುಳಿದ ಸದ್ದಷ್ಟೇ ಕೇಳಿಸಿತು.

ಅಣ್ಣನ ಪ್ರಸಾರದಲ್ಲಿ ಎರಡು ಬರಿಗೈಗಳು ಹಿಮ ಬಗೆಯುತ್ತಿದ್ದವು.

“ಅಣ್ಣಾ! ಅಣ್ಣಾ, ಮಾತಾಡೋ!”

ನೀಲಿಗಟ್ಟಿದ ಮುಖವೊಂದು ಹೊರಬಂತು. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿತು.

“ಲೋ... ಇಷ್ಟೊತ್ತು ಏನ್ ಮಾಡ್ತಿದ್ದೆ?”

ಅವರ ಭಾಷೆಯಲ್ಲಿ ಎಂಟು ಎಂದರೆ ಚಪ್ಪಾಳೆಯ ಸದ್ದು; ನೋಡುತ್ತಿದ್ದವರೆಲ್ಲ ಎಂಟರ ಅಂಕಿಯ ಮೇಲೆ ಅಂಕಿ ಒತ್ತಿ ಸಾಲುಗಟ್ಟಲೆ ಸುರಿದರು. ತಮ್ಮ ಅಳುತ್ತಾ ಅಣ್ಣನ ಮೈಮೇಲಿನ ಹಿಮ ಕೊಡವುತ್ತಿದ್ದ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಇಬುಸುಕಿಯಲ್ಲಿ ಇಸ್ತ್ರಿ ಮೇಜಿನ ಪಕ್ಕ ಕೂತು, ತಾನು ಹೊರದಬ್ಬಿದ ಪಾರಿವಾಳವನ್ನು ಮತ್ತೆ ಒಳಗೆ ಬಿಡುತ್ತಿದ್ದಳು.