ಕೊರೋಚಿಯ ಚಕ್ಕುಲಿ

ಕೊಲ್ಹಾಪುರದಿಂದ ಇಚಲಕರಂಜಿಗೆ ಸೈಕಲ್ ಹೊಡೆಯುತ್ತ ಹೊರಟವನು, ದಾರಿಯಲ್ಲಿ ಕೊರೋಚಿಯ ಜೈನರ ಓಣಿಯಲ್ಲಿ ಮನೆಯೊಂದರ ನೆರಳಿನ ಕಟ್ಟೆಯನ್ನು ಕಂಡು ಇಳಿದೆ. ಸೈಕಲ್ಲನ್ನು ಗೋಡೆಗೆ ಆನಿಸಿ ಪ್ರವಾಸದ ಟಿಪ್ಪಣಿ ಬರೆಯಲು ಕುಳಿತೆ. ದೀಪಾವಳಿಯ ಹಿಂದಿನ ದಿನ. ಓಣಿಯ ತುಂಬ ಕಾದ ಎಣ್ಣೆಯ ವಾಸನೆ. ಎರಡು ಸಾಲು ಆಗುವಷ್ಟರಲ್ಲಿ ಮನೆಯೊಡತಿ ತಾಟಿನಲ್ಲಿ ಒಂದು ಚಕ್ಕುಲಿ ಹಿಡಿದು ಬಂದರು.

“ಬರಿಯೋದು ಆಮ್ಯಾಲ ಆಗತೈತ್ರಿ. ಇದನ್ನ ತಿಂದು ಖರೇ ಹೇಳ್ರಿ. ಇವತ್ತ ಚತುರ್ದಶಿ, ನನಗ ಉಪಾಸ. ನಾಳೆ ಅಳಿಯ ಮೊದಲನೇ ಹಬ್ಬಕ್ಕ ಬರತಾನ. ಹುಡುಗರನ್ನ ಕೇಳಿದ್ರ ಎಲ್ಲಾ ಚಲೋನ ಅಂತಾವ.”

ಚಕ್ಕುಲಿ ಗರಿಗರಿಯಾಗಿತ್ತು.

“ಉಪ್ಪು ಬಿದ್ದಿಲ್ರಿ ಅಕ್ಕಾರ,” ಎಂದೆ.

ಅವರು ನನ್ನನ್ನಲ್ಲ, ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಉಳಿದ ಹಿಟ್ಟಿಗೆ ಉಪ್ಪು ಹಾಕಿ ನಾದಿ, ಮತ್ತೊಂದು ಕರಿದು ತಂದರು. ಈ ಸಲ ಸರಿಯಾಗಿತ್ತು.

“ನಿಮ್ಮ ಹೊಟ್ಟಿ ತಣ್ಣಗಿರಲಿ,” ಎಂದವರೇ ಒಲೆಯ ಕಡೆ ಓಡಿದರು.

ಸೈಕಲ್ ಹತ್ತಬೇಕು ಎನ್ನುವಷ್ಟರಲ್ಲಿ ಎದುರು ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬರು ತಾಟು ಹಿಡಿದು ನಿಂತಿದ್ದರು.

“ನಿಲ್ರಿ ತಮ್ಮಾ, ಇಲ್ಲೀನೂ ಉಪಾಸ ಐತಿ.”

ಅವರ ಆಚೆಯ ಬಾಗಿಲಲ್ಲೂ ಒಂದು ತಾಟು ಕಂಡಿತು. ಸೈಕಲ್ಲನ್ನು ಮತ್ತೆ ಗೋಡೆಗೆ ಆನಿಸಿದೆ.